ಧಾಟಿಗೆ ಮಡಿ ಮೈಲಿಗೆ ಉಂಟೆ?

ಯುರೋಪಿನ ಮಧ್ಯಯುಗದ ಸಂಗೀತಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಅಧ್ಯಾಯ ಮಾಡುತ್ತಾರೆ. ಒಂದರಲ್ಲಿ ಮಠ, ಚರ್ಚು, ಲ್ಯಾಟಿನ್ ಸ್ತೋತ್ರ. ಇನ್ನೊಂದರಲ್ಲಿ ಅರಮನೆ, ಸಂತೆ, ಪ್ರೇಮಗೀತೆ. ಮೊದಲನೆಯದು ದಪ್ಪ, ಎರಡನೆಯದು ತೆಳು. ಓದಿದವರಿಗೆ ಆ ಕಾಲದ ಜನ ಹಗಲಿರುಳೂ ದೇವರ ಹಾಡನ್ನೇ ಹಾಡಿಕೊಂಡಿದ್ದರು ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಲೇಖನಿ ಯಾರ ಕೈಯಲ್ಲಿತ್ತು ಎಂಬುದಷ್ಟೇ ಈ ಲೆಕ್ಕದಿಂದ ತಿಳಿಯುತ್ತದೆ. ಜನ ಏನು ಹಾಡುತ್ತಿದ್ದರು ಎಂಬುದು ತಿಳಿಯುವುದಿಲ್ಲ.

789ರಲ್ಲಿ ಷಾರ್ಲಮೇನ್ ತನ್ನ ರಾಜ್ಯದ ಪಾದ್ರಿಗಳೆಲ್ಲ ರೋಮಿನ ಕ್ರಮದ ಗಾನವನ್ನೇ ಕಲಿಯಬೇಕೆಂದು ಅಪ್ಪಣೆ ಮಾಡಿದ. ಬಾಯಿಂದ ಬಾಯಿಗೆ ಹೋಗುವ ಹಾಡು ಊರಿಗೊಂದು ರೂಪ ತಾಳುತ್ತದೆ; ಎಲ್ಲೆಡೆ ಒಂದೇ ಇರಬೇಕಾದರೆ ಬರೆದಿಡಬೇಕು. ಸ್ವರಚಿಹ್ನೆಗಳು ಬಂದವು. 11ನೆಯ ಶತಮಾನದ ಆರಂಭದಲ್ಲಿ ಇಟಲಿಯ ಸಂನ್ಯಾಸಿ ಗ್ವಿಡೋ ಗೆರೆಗಳ ಮೇಲೆ ಸ್ವರ ಕೂರಿಸುವ ಪದ್ಧತಿಯನ್ನು ನೆಲೆಗೊಳಿಸಿ, ಹತ್ತು ವರ್ಷದ ಕಲಿಕೆ ಇನ್ನು ಒಂದೆರಡು ವರ್ಷದಲ್ಲಿ ಮುಗಿಯುತ್ತದೆ ಎಂದು ಹೇಳಿಕೊಂಡ. ಇದೆಲ್ಲ ಪೂಜೆಯ ಅಗತ್ಯಕ್ಕೆ ಹುಟ್ಟಿದ್ದು. ಸಂತೆಯಲ್ಲಿ ತಂತಿವಾದ್ಯ ಹಿಡಿದು ಜನರನ್ನು ಕುಣಿಸುತ್ತಿದ್ದವನಿಗೆ ಬರಹ ಬೇಕಿರಲಿಲ್ಲ, ಬೇಕೆಂದರೂ ಚರ್ಮದ ಹಾಳೆಗೆ ದುಡ್ಡಿರಲಿಲ್ಲ. ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳು ಆಸ್ಥಾನಗಳ ಆಶ್ರಯ ಕಂಡವರು. ಅವರ ಸುಮಾರು 2,500 ಪದ್ಯಗಳು ಉಳಿದಿವೆ. ಧಾಟಿ ಉಳಿದಿರುವುದು ಹತ್ತರಲ್ಲೊಂದಕ್ಕೆ. ಆಸ್ಥಾನದ ಗತಿಯೇ ಇಷ್ಟಾದರೆ ಗದ್ದೆಯ ಹಾಡಿನ ಪಾಡೇನು?

ಹಾಗಾದರೆ ದೈವಿಕ, ಲೌಕಿಕ ಎಂಬ ಗಡಿ ನಿಜವಾಗಿ ಎಲ್ಲಿತ್ತು? ಧಾಟಿಯಲ್ಲಿ ಇರಲಿಲ್ಲ ಎಂಬುದು ನನ್ನ ವಾದ.

13ನೆಯ ಶತಮಾನದ ಮೊಟೆಟ್ ಎಂಬ ರಚನೆಯನ್ನು ನೋಡಿ. ಕೆಳಗಿನ ದನಿ ಚರ್ಚಿನ ಗಾನದ ಒಂದು ತುಣುಕನ್ನು ನಿಧಾನವಾಗಿ ಎಳೆಯುತ್ತದೆ. ಮೇಲಿನ ಎರಡು ದನಿಗಳು ಅದೇ ಹೊತ್ತಿಗೆ ಬೇರೆ ಬೇರೆ ಸಾಹಿತ್ಯ ಹಾಡುತ್ತವೆ. ಮುನ್ನೂರಕ್ಕೂ ಹೆಚ್ಚು ಮೊಟೆಟ್‌ಗಳಿರುವ ಮೊಂಪೆಲಿಯೇ ಹಸ್ತಪ್ರತಿಯಲ್ಲಿ ಹಬ್ಬದ ಗಾನದ ಮೇಲೆ ಫ್ರೆಂಚ್ ವಿರಹಗೀತೆ ಸವಾರಿ ಮಾಡುವುದು ಮಾಮೂಲು. ಇಂಗ್ಲೆಂಡಿನ ರೆಡಿಂಗ್ ಮಠದ್ದೆನ್ನಲಾಗುವ ಹಸ್ತಪ್ರತಿಯಲ್ಲಿ ಬೇಸಿಗೆಯ ಆಗಮನವನ್ನೂ ಕೋಗಿಲೆಯ ಕೂಗನ್ನೂ ಕುರಿತ ಇಂಗ್ಲಿಷ್ ಹಾಡೊಂದಿದೆ. ಅದರ ಕೆಳಗೇ, ಅದೇ ಸ್ವರಗಳಿಗೆ, ಕ್ರಿಸ್ತನ ಬಲಿದಾನವನ್ನು ಕುರಿತ ಲ್ಯಾಟಿನ್ ಸಾಹಿತ್ಯ. ಎರಡರಲ್ಲಿ ಯಾವುದನ್ನು ಬೇಕಾದರೂ ಹಾಡಿಕೊಳ್ಳಬಹುದಿತ್ತು.

ಇದಕ್ಕಿಂತ ಸ್ವಾರಸ್ಯವಾದದ್ದು ಐರ್ಲೆಂಡಿನ ಕಿಲ್ಕೆನಿಯ ಕಥೆ. 14ನೆಯ ಶತಮಾನದಲ್ಲಿ ಅಲ್ಲಿ ರಿಚರ್ಡ್ ಲೆಡ್ರೆಡ್ ಎಂಬ ಬಿಷಪ್ ಇದ್ದ. 1324ರಲ್ಲಿ ಆಲಿಸ್ ಕೈಟ್ಲರ್ ಎಂಬ ಸಿರಿವಂತೆಯ ಮೇಲೆ ಮಾಟಗಾತಿಯೆಂದು ವಿಚಾರಣೆ ಹೂಡಿದವನೂ ಇವನೇ, ಸಡಿಲ ಮನುಷ್ಯನಲ್ಲ. ತನ್ನ ಪಾದ್ರಿಗಳು ಬೀದಿಹಾಡು ಹಾಡಿ ದೇವರಿಗೆ ಮೀಸಲಾದ ಬಾಯನ್ನು ಕೆಡಿಸಿಕೊಳ್ಳಬಾರದೆಂದು ಅವರಿಗಾಗಿ 60 ಲ್ಯಾಟಿನ್ ಗೀತೆಗಳನ್ನು ಒದಗಿಸಿದ. ಹಲವು ಗೀತೆಗಳ ತಲೆಯ ಮೇಲೆ ಇಂಗ್ಲಿಷ್, ಫ್ರೆಂಚ್ ಪ್ರೇಮಗೀತೆಗಳ ತುಣುಕುಗಳಿವೆ: ಆ ಧಾಟಿಯಲ್ಲಿ ಹಾಡಿಕೊಳ್ಳಿ ಎಂಬ ಸೂಚನೆ. ಮಾಟದ ವಾಸನೆಯನ್ನೂ ಸಹಿಸದ ಬಿಷಪ್ಪನಿಗೆ ಆ ಧಾಟಿಗಳಲ್ಲಿ ಮೈಲಿಗೆ ಕಾಣಲಿಲ್ಲ. ಪಾದ್ರಿಗಳಿಗೆ ಅವು ಮೊದಲೇ ಬಾಯಿಪಾಠವಾಗಿದ್ದವು ಎಂಬುದನ್ನೂ ಅವನೇ ಒಪ್ಪಿಕೊಂಡಂತಾಯಿತು.

ಗಡಿ ಇದ್ದದ್ದು ಹಾಡುವವರ ಮೇಲೆ. ಸುಮಾರು 1216ರಲ್ಲಿ ಪಾಪನಿವೇದನೆ ಕೇಳುವ ಪಾದ್ರಿಗಳಿಗಾಗಿ ಕೈಪಿಡಿ ಬರೆದ ಥಾಮಸ್ ಚೋಬಮ್ ಹಾಡುಗಾರರನ್ನು ವಿಂಗಡಿಸುತ್ತಾನೆ: ರಾಜರ ಸಾಹಸ, ಸಂತರ ಚರಿತ್ರೆ ಹಾಡುವವರನ್ನು ಸಹಿಸಬಹುದು, ಹೆಂಡದಂಗಡಿಯಲ್ಲಿ ಹಾಡುವವರಿಗೆ ಉದ್ಧಾರವಿಲ್ಲ. ಧಾಟಿ ಎಂಥದು ಎಂದು ಅವನು ಕೇಳುವುದಿಲ್ಲ. ಪವಿತ್ರ ಗಾನವೂ ಈ ಅಧಿಕಾರದಿಂದ ತಪ್ಪಿಸಿಕೊಳ್ಳಲಿಲ್ಲ. 1178ರಲ್ಲಿ, ಬಹಿಷ್ಕೃತನಾಗಿದ್ದ ಒಬ್ಬನನ್ನು ಮಠದ ನೆಲದಲ್ಲಿ ಹೂಳಿದ್ದಾರೆಂದು ಮೈಂಟ್ಸ್ ನಗರದ ಚರ್ಚಿನ ಅಧಿಕಾರಿಗಳು ಸಂನ್ಯಾಸಿನಿಯರ ಮುಖ್ಯಸ್ಥೆ ಹಿಲ್ಡೆಗಾರ್ಡ್‌ಳ ಮಠದಲ್ಲಿ ಹಾಡನ್ನೇ ನಿಷೇಧಿಸಿದರು. ಅವನು ಸಾಯುವ ಮುನ್ನ ಕ್ಷಮೆ ಪಡೆದಿದ್ದ ಎಂದು ಎಂಬತ್ತರ ಆಸುಪಾಸಿನ ಆಕೆಯ ವಾದ. ದೇವರ ಸ್ತುತಿಗೆ ಬಾಯಿ ಕಟ್ಟುವವರಿಗೆ ಪರಲೋಕದ ಗಾನದಲ್ಲಿ ಪಾಲಿಲ್ಲ ಎಂದು ಆ ಅಧಿಕಾರಿಗಳಿಗೇ ಬರೆದಳು. ನಿನ್ನೆ ಪೂಜೆಯಾಗಿದ್ದ ಅದೇ ಸ್ವರಗಳು ಇವತ್ತು ಅಪರಾಧ. ಮರುವರ್ಷ ನಿಷೇಧ ತೆರವಾಯಿತು; ಮತ್ತೆ ಪೂಜೆ.

ನಾದದ ಬಗ್ಗೆಯೇ ಚರ್ಚಿಗೆ ಅಳುಕಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಇತ್ತು. ಸ್ತೋತ್ರದ ಅರ್ಥಕ್ಕಿಂತ ಅದರ ಇಂಪಿಗೇ ತಾನು ಮರುಳಾಗುತ್ತೇನೆಂದು ಸಂತ ಆಗಸ್ಟೀನ್ ಸಂಕಟಪಟ್ಟಿದ್ದ. ಅವಿನ್ಯೋನಿಂದ ಆಳುತ್ತಿದ್ದ ಪೋಪ್ 22ನೆಯ ಜಾನ್ 1324-25ರ ಆಜ್ಞೆಯಲ್ಲಿ ಹೊಸ ಶೈಲಿಯ ತುಂಡುತುಂಡು ಸ್ವರಗಳನ್ನೂ ನಡುವೆ ತುರುಕಿದ ದೇಸಿ ಮಾತಿನ ದನಿಗಳನ್ನೂ ಖಂಡಿಸಿದ. ಇಲ್ಲಿ ನನ್ನ ವಾದಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ, ಒಪ್ಪಬೇಕು. ಆದರೆ ಆ ಆಜ್ಞೆ ಎಷ್ಟು ದಿನ ಬಾಳಿತು? ನಾಲ್ಕು ದಶಕದೊಳಗೆ, ಪ್ರೇಮಗೀತೆಗಳಿಗೇ ಹೆಸರಾದ ಗಿಯೋಮ್ ದ ಮಾಶೋ, ಚರ್ಚಿನಲ್ಲಿ ಹುದ್ದೆಯಿದ್ದ ರ್‍ಯಾನ್ಸ್ ನಗರದಲ್ಲಿ ಅದೇ ತುಂಡುಸ್ವರಗಳ ಶೈಲಿಯಲ್ಲಿ ಇಡೀ ಪೂಜಾಗಾನವನ್ನು ಸಂಯೋಜಿಸಿದ್ದ.

ಅಧಿಕಾರ ಮನುಷ್ಯರನ್ನು ತಿದ್ದಬಹುದು. ಹಾಡು ಸುಲಭಕ್ಕೆ ಸಿಗುವುದಿಲ್ಲ. ಮಾರ್ಸೆಯ ಫೋಲ್ಕೆ ಹೆಸರಾಂತ ಟ್ರೂಬಡೂರ್. ಎಲ್ಲ ಬಿಟ್ಟು ಸಂನ್ಯಾಸಿಯಾಗಿ, 13ನೆಯ ಶತಮಾನದ ಆರಂಭದಲ್ಲಿ ತುಲೂಸಿನ ಬಿಷಪ್ಪನಾದ. ಧರ್ಮದ್ರೋಹಿಗಳೆಂದು ಕರೆಯಲಾದವರನ್ನು ಬೇಟೆಯಾಡುವುದರಲ್ಲಿ ಮುಂಚೂಣಿಯಲ್ಲಿದ್ದ. ತನ್ನ ಹಳೆಯ ಹಾಡು ಕಿವಿಗೆ ಬಿದ್ದರೆ ಆ ದಿನ ರೊಟ್ಟಿ-ನೀರಿನಲ್ಲೇ ಕಳೆಯುತ್ತಿದ್ದ ಎಂಬ ಕಥೆಯಿದೆ. ಕಥೆ ನಿಜವಾಗಿದ್ದರೆ ಜನ ಅವನ ಕಿವಿಗೆ ಬೀಳುವಂತೆಯೇ ಅದನ್ನು ಹಾಡುತ್ತಿದ್ದರೆಂದಾಯಿತು. 1231ರಲ್ಲಿ ಅವನು ತೀರಿಕೊಂಡ ಮೇಲೂ ಲಿಪಿಕಾರರು ಆ ಪ್ರೇಮಗೀತೆಗಳನ್ನು ಪ್ರತಿ ಮಾಡುತ್ತಲೇ ಹೋದರು. ಹತ್ತಕ್ಕೂ ಹೆಚ್ಚು ಧಾಟಿ ಸಮೇತ ನಮಗೆ ಸಿಕ್ಕಿವೆ.