ಯುದ್ಧಸ್ಮರಣೆಗೆ ಖ್ಯಾತನಾಮರ ಹಂಗೇಕೆ?

ಆಗಸ್ಟ್ 15 ಹತ್ತಿರವಾಗುತ್ತಿದ್ದಂತೆಯೇ ಭಟ್ಕಳ, ಹೊನ್ನಾವರ, ಕುಮಟಾಗಳ ಶಾಲೆಗಳಲ್ಲಿ ಭಾಷಣ ಸ್ಪರ್ಧೆಯ ಸಿದ್ಧತೆ ಆರಂಭವಾಗುತ್ತದೆ. ನಮ್ಮ ಮಕ್ಕಳ ಭಾಷಣದಲ್ಲಿ ಮೂರು ಹೆಸರುಗಳು ತಪ್ಪದೆ ಬರುತ್ತವೆ: ಟಿಪ್ಪು ಸುಲ್ತಾನ್, ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, ಹವಾಲ್ದಾರ್ ಅಬ್ದುಲ್ ಹಮೀದ್. ಮೂರೂ ಗೌರವಾರ್ಹ ಹೆಸರುಗಳೇ. ಆದರೆ ಅವುಗಳನ್ನು ಉಚ್ಚರಿಸುವ ಧಾಟಿಯನ್ನು ತುಸು ಗಮನಿಸಿ. ಮಡಿದವರನ್ನು ನೆನೆಯುವವರ ಧಾಟಿ ಅದರಲ್ಲಿಲ್ಲ. ಪೊಲೀಸ್ ಠಾಣೆಯಲ್ಲಿ ಗುರುತಿನ ಚೀಟಿ ತೋರಿಸುವವನ ಧಾಟಿ ಅದು.

ಇದಕ್ಕೆ ಕಾರಣ ನಮಗೆ ತಿಳಿಯದೇನಲ್ಲ. ಭಯೋತ್ಪಾದನೆಯ ಪ್ರಕರಣಗಳಲ್ಲಿ ಹೆಸರು ಬಂದ ಕೆಲವರಿಗೆ ಮಾಧ್ಯಮಗಳು ವರ್ಷಗಟ್ಟಲೆ ಊರಿನ ಹೆಸರನ್ನೇ ಅಂಟಿಸಿದುವು. ಪರವೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ಭಟ್ಕಳದ ಯುವಕ ಅದರ ಬೆಲೆ ತೆತ್ತ. ಅಂಥ ಊರಿನ ತಂದೆ ತನ್ನ ಮಗನ ಬಾಯಲ್ಲಿ ಅಬ್ದುಲ್ ಹಮೀದರ ಹೆಸರನ್ನಿಟ್ಟು ವೇದಿಕೆಗೆ ಕಳುಹಿಸುತ್ತಾನೆ. ಅರ್ಥವಾಗುತ್ತದೆ. ಆದರೆ ಒಪ್ಪಲಾಗುವುದಿಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಖೇಮ್‌ಕರಣ್‌ನ ಹೊಲಗಳಲ್ಲಿ ಜೀಪಿನ ಮೇಲಿನ ಫಿರಂಗಿಯಿಂದ ಟ್ಯಾಂಕ್‌ಗಳನ್ನು ಎದುರಿಸಿ ಮಡಿದ ಆ ಮನುಷ್ಯ, ಕೋಟ್ಯಂತರ ಮುಸ್ಲಿಮರಿಗೆ ಜಾಮೀನು ನಿಲ್ಲಲೆಂದು ಪ್ರಾಣ ಕೊಟ್ಟವರಲ್ಲ. ಪೌರತ್ವಕ್ಕೆ ಜಾಮೀನು ಬೇಕೆಂಬ ಮಾತನ್ನು ನಾವೇ ಮಕ್ಕಳಿಗೆ ಕಲಿಸುತ್ತಿದ್ದೇವೆಯೇ?

ಖ್ಯಾತನಾಮರಿಲ್ಲದಿದ್ದರೆ ಜನರು ಯುದ್ಧಸ್ಮರಣೆಯತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ಸಂಘಟಕರ ವಾದ. ಸರಕಾರವೂ ಇದನ್ನೇ ನಂಬಿದಂತಿದೆ. ಪ್ರಾದೇಶಿಕ ಸೇನೆ 2008ರಲ್ಲಿ ಕಪಿಲ್ ದೇವ್‌ರಿಗೆ, 2009ರಲ್ಲಿ ಚಿತ್ರನಟ ಮೋಹನ್‌ಲಾಲ್‌ರಿಗೆ, 2011ರಲ್ಲಿ ಧೋನಿಗೆ ಗೌರವ ಹುದ್ದೆ ನೀಡಿತು. ವಾಯುಪಡೆ 2010ರಲ್ಲಿ ಸಚಿನ್ ತೆಂಡೂಲ್ಕರ್‌ರನ್ನು ಗೌರವ ಗ್ರೂಪ್ ಕ್ಯಾಪ್ಟನ್ ಆಗಿಸಿತು. ಇದರಿಂದ ಜನ ಸೇರುತ್ತಾರೆ ಎಂಬುದು ನಿಜ. ಆದರೆ ಸೇರಿದವರು ಮನೆಗೆ ಒಯ್ಯುವುದೇನನ್ನು? ತಾರೆಯೊಂದಿಗಿನ ಭಾವಚಿತ್ರವನ್ನು.

ದೂರವೇಕೆ, ನಮ್ಮ ಜಿಲ್ಲೆಯನ್ನೇ ನೋಡೋಣ. ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಅವರ ಕುಟುಂಬ ಕಾರವಾರದ ಚೆಂಡಿಯಾದ್ದು. 1984ರಲ್ಲಿ ಭಾರತೀಯ ನೌಕಾ ನಿಗಮದ ತೈಲ ಹಡಗೊಂದಕ್ಕೆ ಅವರ ಹೆಸರಿಡಲಾಯಿತು. 2023ರ ಜನವರಿಯಲ್ಲಿ ಅಂಡಮಾನ್‌ನ ದ್ವೀಪವೊಂದಕ್ಕೂ ಅದೇ ಹೆಸರು ಬಂತು. ಅಬ್ದುಲ್ ಹಮೀದರ ಹೆಸರಿನ ದ್ವೀಪವೂ ಅದೇ ದಿನದ್ದು. ಇಷ್ಟೆಲ್ಲ ಆದರೂ ರಾಣೆಯವರು ಮಾಡಿದ್ದೇನೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು? 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಅವರು ನೆಲಬಾಂಬುಗಳನ್ನು ತೆಗೆದು, ಅಡ್ಡಗಟ್ಟಿದ ಮರಗಳನ್ನು ಸರಿಸಿ ಟ್ಯಾಂಕ್‌ಗಳಿಗೆ ಹಾದಿ ಮಾಡಿಕೊಟ್ಟರು. ಏಪ್ರಿಲ್ 8ರಂದು ಶತ್ರುಗಳ ಗುಂಡಿನ ದಾಳಿಗೆ ಅವರ ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಆ ಇಬ್ಬರು ಯಾರು? ಯಾವ ಊರಿನವರು? ಅವರ ಮನೆಗೆ ಸುದ್ದಿ ತಂದವರು ಯಾರು? ನಮ್ಮ ಯಾವ ಭಾಷಣದಲ್ಲೂ ಆ ಇಬ್ಬರು ಬಂದುದನ್ನು ನಾವು ಕೇಳಿಲ್ಲ.

ಅದೇ ನೌಶೇರಾ ರಂಗದಲ್ಲಿ ಹೋರಾಡಿದ ಬ್ರಿಗೇಡಿಯರ್ ಉಸ್ಮಾನ್, 1948ರ ಜುಲೈ 3ರಂದು ಝಂಗಡ್‌ನಲ್ಲಿ ಹುತಾತ್ಮರಾದರು. ದೆಹಲಿಯ ಜಾಮಿಯಾ ಮಿಲ್ಲಿಯಾದ ಖಬರಸ್ತಾನದಲ್ಲಿ ಅವರ ದಫನ ನಡೆಯಿತು. 2020ರ ಡಿಸೆಂಬರ್‌ನಲ್ಲಿ ಆ ಗೋರಿ ಹಾನಿಗೊಂಡಿರುವ ಚಿತ್ರ ಪತ್ರಿಕೆಗಳಲ್ಲಿ ಬಂತು. ವೇದಿಕೆಯಲ್ಲಿ ನಾವು ದಿನಬೆಳಗಾದರೆ ಎತ್ತಿ ತೋರಿಸುವ ಹೆಸರು ಅದು. ಗೋರಿಯಿರುವುದು ನಮ್ಮದೇ ಖಬರಸ್ತಾನದಲ್ಲಿ. ದೂರುವುದಕ್ಕೆ ಇಲ್ಲಿ ಯಾವ ಸಂಘಪರಿವಾರವೂ ಸಿಗುವುದಿಲ್ಲ.

ಇನ್ನು ಟಿಪ್ಪು. 2015ರಲ್ಲಿ ಒಂದು ಸರಕಾರ ಜಯಂತಿ ಆರಂಭಿಸಿತು. ಮಡಿಕೇರಿಯಲ್ಲಿ ಗಲಭೆಯಾಗಿ ಜೀವಗಳು ಹೋದುವು. 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. ಹೆಸರು ಇಬ್ಬರಿಗೂ ಬೇಕಿತ್ತು, ಇತಿಹಾಸ ಇಬ್ಬರಿಗೂ ಬೇಕಿರಲಿಲ್ಲ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಕಂಪೆನಿ ಸೇನೆ ಹೊನ್ನಾವರದ ಕೋಟೆಯನ್ನು ಹಿಡಿಯಿತು. ಅದೇ ವರ್ಷ ಟಿಪ್ಪುವಿನ ಪಡೆ ಅದೇ ಕೋಟೆಗೆ ಮುತ್ತಿಗೆ ಹಾಕಿತು. ಕ್ಯಾಪ್ಟನ್ ಟೊರಿಯಾನೊ ಎಂಬವನು 1784ರ ಮಂಗಳೂರು ಒಪ್ಪಂದದವರೆಗೂ ಒಳಗಿಂದ ತಡೆದು ನಿಂತ. ಮ್ಯಾಥ್ಯೂಸ್, ಟೊರಿಯಾನೊ, ಟಿಪ್ಪು ಎಲ್ಲರೂ ಪುಸ್ತಕಗಳಲ್ಲಿದ್ದಾರೆ. ಎರಡು ಸೇನೆಗಳ ನಡುವೆ ಸಿಕ್ಕಿಬಿದ್ದ ಶರಾವತಿಯ ದಂಡೆಯ ಬೆಸ್ತ, ವ್ಯಾಪಾರಿ, ಕೂಲಿಯಾಳು ಮಾತ್ರ ಇಲ್ಲ.

ಭಟ್ಕಳದ್ದೂ ಇದೇ ಕಥೆ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜಾ ಈ ಪಟ್ಟಣವನ್ನು ಲೂಟಿ ಮಾಡಿ ಸುಟ್ಟ. ಸುಟ್ಟವನ ಹೆಸರು ಉಳಿದಿದೆ. ನವಾಯತರು, ಜೈನರು, ಹಿಂದೂಗಳು ಒಟ್ಟಿಗೆ ವ್ಯಾಪಾರ ಮಾಡಿಕೊಂಡಿದ್ದ ಬಂದರು ಅದು. ಬೆಂಕಿ ಯಾರ ಬಾಗಿಲಲ್ಲೂ ಧರ್ಮ ಕೇಳಿ ಹೊತ್ತಿಕೊಂಡಿರಲಾರದು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನೂ ಕುಮಟಾದ ಮಿರ್ಜಾನ್ ಕೋಟೆಯನ್ನೂ ಈಗ ನೆನೆಯಲಾಗುತ್ತಿದೆ. ಸಂತೋಷ. ಆದರೆ ಆಕೆ ಅವರಿಗೆ, ಟಿಪ್ಪು ನಮಗೆ ಎಂದು ಹಂಚಿಕೊಂಡರೆ ಅದು ಸ್ಮರಣೆಯಾಗದು, ಆಸ್ತಿ ಪಾಲಾದೀತು. ಸತ್ತವರ ಹೆಸರಲ್ಲಿ ಜನ ಸೇರಿಸುವುದರ ಫಲವನ್ನು ಈ ತಾಲೂಕುಗಳು ಉಂಡಿವೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವನ್ನು ಮುಂದಿಟ್ಟು ಕುಮಟಾದಲ್ಲಿ ಬೆಂಕಿ ಹಚ್ಚಲಾಯಿತು. ಅದು ಆಕಸ್ಮಿಕ ಸಾವೆಂದು ಸಿಬಿಐ ವರದಿ ಸಲ್ಲಿಸಿದ್ದು 2022ರಲ್ಲಿ.

ಅಷ್ಟಕ್ಕೂ ಖ್ಯಾತಿಯಿಲ್ಲದವರನ್ನು ನೆನೆಯುವುದು ಹೇಗೆಂದು ಮುಸ್ಲಿಮರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದ್ರ್‌ನಲ್ಲಿ ಹುತಾತ್ಮರಾದ 14 ಮಂದಿಯ ಹೆಸರುಗಳನ್ನೂ ನಮ್ಮ ಹಿರಿಯರು ಒಂದೊಂದಾಗಿ ದಾಖಲಿಸಿದರು. ಅವರಲ್ಲಿ ಹ. ಉಮರ್(ರ)ರು ಬಿಡುಗಡೆಗೊಳಿಸಿದ ಗುಲಾಮ ಮಿಹ್‌ಜಅ್ ಇದ್ದಾರೆ, ಮೀಸೆ ಮೂಡದ ಉಮೈರ್ ಇದ್ದಾರೆ. ಸೇನಾನಿಯ ಹೆಸರೊಂದಿದ್ದರೆ ಸಾಕೆಂದು ಅವರು ಭಾವಿಸಲಿಲ್ಲ. ಹದೀಸ್ ವರದಿಗಾರರಲ್ಲಿ ಮಾರುಕಟ್ಟೆಯ ಸಾಮಾನ್ಯ ವ್ಯಾಪಾರಿಯ ಊರು, ಗುರು, ನಡತೆಯನ್ನೂ ಬರೆದಿಟ್ಟ ಅಸ್ಮಾಉರ್ರಿಜಾಲ್ ಎಂಬ ಶಾಸ್ತ್ರವನ್ನೇ ಕಟ್ಟಿದ ಪರಂಪರೆ ಇದು. ಅದರ ವಾರಸುದಾರರು ಮೂರು ಹೆಸರುಗಳನ್ನು ಗಿಳಿಪಾಠ ಮಾಡಿಸಿ ಸುಮ್ಮನಾಗುವುದೇ?

ಮುಂದಿನ ಆಗಸ್ಟ್‌ಗೆ ನಮ್ಮ ಶಾಲೆಗಳು ಒಂದು ಕೆಲಸ ಮಾಡಲಿ. ಭಾಷಣದ ಬದಲು ಮಕ್ಕಳನ್ನು ಮೂರೂ ತಾಲೂಕುಗಳಲ್ಲಿರುವ ನಿವೃತ್ತ ಸೈನಿಕರ ಮನೆಗಳಿಗೆ ಕಳುಹಿಸಲಿ. ಮೊಗೇರ, ನಾಮಧಾರಿ, ಕ್ರೈಸ್ತ, ಮುಸ್ಲಿಮ್ ಯಾವ ಮನೆಯಾದರೂ ಸರಿ. ತಮ್ಮ ಪಕ್ಕದಲ್ಲಿ ಮಡಿದ ಗೆಳೆಯನ ಹೆಸರೇನಿತ್ತು ಎಂದು ಮಕ್ಕಳು ಕೇಳಲಿ, ಬರೆದುಕೊಂಡು ಬರಲಿ. ಕಾರವಾರಕ್ಕೆ ಪ್ರವಾಸ ಕರೆದೊಯ್ಯುವ ಶಿಕ್ಷಕರು ರಾಣೆಯವರ ಪ್ರತಿಮೆಯ ಮುಂದೆ ನಿಂತಾಗ ಏಪ್ರಿಲ್ 8ರ ಆ ಇಬ್ಬರ ಪ್ರಶ್ನೆಯನ್ನೂ ಎತ್ತಲಿ. ಉತ್ತರಕ್ಕಾಗಿ ಸೇನೆಗೆ ಪತ್ರ ಬರೆಯುವ ಕೆಲಸವನ್ನು ಎಂಟನೇ ತರಗತಿಯ ಮಕ್ಕಳೇ ಮಾಡಬಲ್ಲರು.