ಹಿತ್ತಿಲ ಲಾವಂಚವೂ ಬದುವಿನ ಲಾವಂಚವೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಕಳೆದ ಮುಂಗಾರಿಗೆ ಮೊದಲು ನಾನು ಸರ್ಕೀಟಿನಲ್ಲಿದ್ದಾಗ ಒಂದು ಗ್ರಾಮದ ಮುಖಂಡರು ನನ್ನನ್ನು ಜಗಲಿಯ ಮೇಲೆ ಕುಳ್ಳಿರಿಸಿಕೊಂಡು, "ಸ್ವಾಮಿ, ಕಾಶ್ಮೀರದ ಕಡೆಯ ರೈತರು ಲಾವೆಂಡರ್ ಬೆಳೆದು ಹಣ ಕಂಡರೆಂದು ಕೇಳಿದ್ದೇವೆ. ಲಾವೆಂಡರ್ ಎಂದರೆ ನಮ್ಮ ಲಾವಂಚವೇ ಅಲ್ಲವೆ? ಅಲ್ಲವಾದರೆ ಅದರ ಸಸಿಗಳನ್ನಾದರೂ ಇಲಾಖೆಯಿಂದ ತರಿಸಿಕೊಡಿ" ಎಂದರು. ಈ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ ಅಲ್ಲ. ಆದುದರಿಂದ ಇದಕ್ಕೆ ಈ ಪತ್ರಿಕೆಯ ಮೂಲಕವೇ ಉತ್ತರ ಕೊಡುವುದು ಯುಕ್ತವೆಂದು ತೋರಿತು.

ಹೆಸರುಗಳಲ್ಲಿ ಸಾಮ್ಯವಿದ್ದರೂ ಈ ಎರಡು ಸಸ್ಯಗಳಿಗೂ ಯಾವ ನಂಟೂ ಇಲ್ಲ. ಲಾವೆಂಡರ್ ಎಂಬುದು ತುಳಸಿಯ ವರ್ಗಕ್ಕೆ ಸೇರಿದ ಗಿಡ. ಅದರ ಪರಿಮಳವಿರುವುದು ಹೂವಿನಲ್ಲಿ. ಲಾವಂಚವು ಹುಲ್ಲಿನ ಜಾತಿ. ಅದರ ಪರಿಮಳವಿರುವುದು ಬೇರಿನಲ್ಲಿ. ಲಾವೆಂಡರಿನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಣ ಗುಡ್ಡಗಾಡು. ಅದಕ್ಕೆ ಚಳಿಗಾಲದಲ್ಲಿ ಒಳ್ಳೆಯ ಚಳಿಯೂ, ಒಣ ಬೇಸಿಗೆಯೂ, ನೀರು ನಿಲ್ಲದ ಮಣ್ಣೂ ಬೇಕು. ಜಮ್ಮು ಪ್ರಾಂತದ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಹಿಂದೆ ಮುಸುಕಿನ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅರೋಮಾ ಮಿಷನ್ನಿನ ನೆರವಿನಿಂದ ಈಗ ಲಾವೆಂಡರ್ ಬೆಳೆಯುತ್ತಿರುವುದು ನಿಜ. ಆದರೆ ಅದು ಹಿಮ ಬೀಳುವ ಸೀಮೆ. ನಮ್ಮ ಬಯಲುಸೀಮೆಯ ಬಿಸಿಲನ್ನೂ ಮಲೆನಾಡಿನ ಎಡೆಬಿಡದ ಮಳೆಯನ್ನೂ ಆ ಗಿಡವು ತಾಳಲಾರದು; ಬುಡದಲ್ಲಿ ತೇವ ನಿಂತರೆ ಬೇರು ಕೊಳೆಯುವುದು. ಬೆಂಗಳೂರಿನಂತಹ ತಂಪಾದ ಊರುಗಳಲ್ಲಿ ಕುಂಡದಲ್ಲಿ ಒಂದೆರಡು ಗಿಡಗಳನ್ನು ಸಾಕಿ ಸಂತೋಷಪಡುವವರುಂಟು. ಅದು ಹವ್ಯಾಸವೇ ಹೊರತು ಬೇಸಾಯವಲ್ಲ.

ಲಾವೆಂಡರ್ ಬೆಳೆಯುವ ದೇಶಗಳ ಗೃಹಸ್ಥರು ಅದರ ಹೂವನ್ನು ಒಣಗಿಸಿ ಬಟ್ಟೆಯ ಪೆಟ್ಟಿಗೆಯಲ್ಲಿಡುತ್ತಾರೆ, ಸಕ್ಕರೆಗೆ ಬೆರೆಸುತ್ತಾರೆ, ಮನೆಯೊಳಗೆ ಗೊಂಚಲಾಗಿ ತೂಗುಹಾಕುತ್ತಾರೆ. ಇಂತಹ ಸೇವೆಯನ್ನೇ ನಮ್ಮ ಹಿರಿಯರು ಲಾವಂಚದಿಂದ ಪಡೆಯುತ್ತಿದ್ದರು. ಇದಲ್ಲದೆ, ಲಾವೆಂಡರ್ ಮಾಡಲಾರದ ಇನ್ನೊಂದು ದೊಡ್ಡ ಕೆಲಸವನ್ನು ಲಾವಂಚವು ಮಾಡುವುದು. ಅದನ್ನು ಮುಂದೆ ಹೇಳುವೆನು.

ಮೊದಲು ಮನೆಯ ಉಪಯೋಗ. ಲಾವಂಚದ ಬೇರನ್ನು ಮಣ್ಣು ಹೋಗುವಂತೆ ಐದಾರು ಸಲ ತೊಳೆದು, ಹೆಬ್ಬೆರಳ ಗಾತ್ರದ ಕಟ್ಟನ್ನಾಗಿ ಮಾಡಿ, ಕುದಿಸಿ ಆರಿಸಿದ ನೀರಿನ ಗಡಿಗೆಯಲ್ಲಿ ಹಾಕಿಟ್ಟರೆ ನೀರಿಗೆ ತಂಪಾದ ಪರಿಮಳ ಬರುವುದು. ಬೇರು ನೀರಿಗೆ ವಾಸನೆಯನ್ನು ಕೊಡುವುದೇ ಹೊರತು ನೀರನ್ನು ಶುದ್ಧಿಮಾಡುವುದಿಲ್ಲ; ಆದುದರಿಂದ ಕುದಿಸುವುದನ್ನು ಬಿಡತಕ್ಕದ್ದಲ್ಲ. ಆ ನೀರಿನಲ್ಲಿಯೇ ಬೆಲ್ಲ ಕರಗಿಸಿ, ನಿಂಬೆಯ ರಸ ಹಿಂಡಿ, ಏಲಕ್ಕಿ ಹಾಕಿ ಪಾನಕ ಮಾಡಬಹುದು. ಅಂಗಡಿಯಲ್ಲಿ ಲಾವಂಚದ ಷರಬತ್ತೆಂದು ಮಾರುವ ಪದಾರ್ಥದ ಗಾಢವಾದ ಹಸಿರು ಬಣ್ಣವು ಬೇರಿನದಲ್ಲ, ಬೆರೆಸಿದ್ದು. ಒಣಬೇರನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ತಲೆಗೆ ಹಚ್ಚಲು ಯೋಗ್ಯವಾದ ಎಣ್ಣೆಯಾಗುವುದು. ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ಒಂದು ಹಿಡಿ ಬೇರಿಟ್ಟರೆ ಬಟ್ಟೆಗೆ ಮುಗ್ಗಲು ವಾಸನೆ ಸೇರದು. ಬೇರಿನಿಂದ ಹೆಣೆದ ತಟ್ಟಿಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಪದ್ಧತಿಯು ಹಳೆಯದು. ಒಣಗಾಳಿಯು ಒದ್ದೆಯಾದ ಬೇರುಗಳ ನಡುವೆ ನುಸುಳುವಾಗ ನೀರು ಆವಿಯಾಗಿ ಗಾಳಿಯ ಶಾಖವನ್ನು ಹೀರಿಕೊಳ್ಳುವುದು. ರಾಯಚೂರು, ಕಲಬುರಗಿಗಳ ಒಣ ಬೇಸಿಗೆಗೆ ಇದು ಚೆನ್ನಾಗಿ ಒಪ್ಪುವುದು. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ಫಲ ಕಾಣದು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಉಶೀರವೆಂದು ಹೆಸರು. ಜ್ವರದ ಬಾಯಾರಿಕೆಗೆ ಹೇಳಿರುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು.

ಇಷ್ಟನ್ನು ಪಡೆಯಲು ಎಕರೆಗಟ್ಟಲೆ ಭೂಮಿ ಬೇಡ. ಹಿತ್ತಿಲಿನಲ್ಲಿ ಬಿಸಿಲು ಬೀಳುವ ಎಡೆಯಲ್ಲಿ ಹತ್ತು ಹನ್ನೆರಡು ಪೊದೆಗಳಿದ್ದರೆ ಒಂದು ಮನೆಗೆ ಸಾಕು. ನೆರಳಿನಲ್ಲಿ ಇದು ಸೊರಗುವುದು. ಹಳೆಯ ಪೊದೆಯನ್ನು ಅಗೆದು, ತೆಂಡೆಗಳನ್ನು ಎರಡು ಮೂರರಂತೆ ಬಿಡಿಸಿ, ಗರಿಗಳನ್ನು ಎಂಟು ಅಂಗುಲಕ್ಕೂ ಬೇರನ್ನು ನಾಲ್ಕು ಅಂಗುಲಕ್ಕೂ ಕತ್ತರಿಸಿ, ಮುಂಗಾರು ಹಿಡಿದೊಡನೆ ನೆಡಬೇಕು. ಮಣ್ಣಿಗೆ ಮರಳು ಬೆರೆಸಿ ಎತ್ತರವಾದ ಮಡಿ ಮಾಡಿದರೆ ಬೇರು ತುಂಡಾಗದೆ ಬಿಡಿಸಲು ಸುಲಭ. ಒಂದೂಕಾಲು ಒಂದೂವರೆ ವರ್ಷದ ಮೇಲೆ, ಬೇಸಿಗೆಯಲ್ಲಿ ಅಗೆದು ಬೇರನ್ನು ತೊಳೆದು ನೆರಳಿನಲ್ಲಿ ಒಣಗಿಸಿಟ್ಟುಕೊಂಡು, ತೆಂಡೆಗಳನ್ನು ನೀರು ತೋರಿಸಿ ಕಾಪಾಡಿ ಮತ್ತೆ ನೆಡತಕ್ಕದ್ದು. ಬಚ್ಚಲ ನೀರು ಹರಿಯುವ ಕಡೆ ಲಾವಂಚವು ಸೊಂಪಾಗಿ ಬೆಳೆಯುವುದು. ಆದರೆ ಅಲ್ಲಿನ ಬೇರನ್ನು ತಟ್ಟಿಗೆ ಉಪಯೋಗಿಸಬಹುದೇ ಹೊರತು ಕುಡಿಯುವ ನೀರಿಗೆ ಹಾಕಕೂಡದು.

ಇನ್ನು ಆ ದೊಡ್ಡ ಕೆಲಸ. ಲಾವಂಚದ ಬೇರು ಪಕ್ಕಕ್ಕೆ ಹರಡುವುದಿಲ್ಲ; ಹತ್ತು ಅಡಿಯವರೆಗೂ ನೇರವಾಗಿ ಕೆಳಕ್ಕಿಳಿಯುವುದು. ದಕ್ಷಿಣದಲ್ಲಿ ಸಾಗುವಳಿಯಲ್ಲಿರುವ ತಳಿಯು ಬೀಜದಿಂದ ಹಬ್ಬಿ ಕಳೆಯಾಗುವುದೂ ಇಲ್ಲ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ, ಆರು ಅಂಗುಲಕ್ಕೊಂದರಂತೆ ನೆಟ್ಟರೆ ಎರಡು ಮೂರು ಮಳೆಗಾಲದಲ್ಲಿ ಪೊದೆಗಳು ಕೂಡಿಕೊಂಡು ಜೀವವಿರುವ ಗೋಡೆಯಾಗುವುವು. ಹರಿದುಬರುವ ನೀರು ಅಲ್ಲಿ ವೇಗ ಕಳೆದುಕೊಂಡು, ಗೋಡನ್ನು ಮೇಲಿನ ಪಕ್ಕದಲ್ಲಿ ಬಿಟ್ಟು, ತಿಳಿಯಾಗಿ ಮುಂದೆ ಹೋಗುವುದು. ಈಗಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ಸುತ್ತಣ ರೈತರು ಇಂತಹ ಲಾವಂಚದ ಬದುಗಳನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾಪಾಡಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರಾದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್ಷಾ ಎಂಬವರು ಈ ಹುಲ್ಲಿನ ಗುಣವನ್ನು ಲೋಕಕ್ಕೆ ಸಾರಿದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಇದನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿತು. ಪರದೇಶದವರು ನಮ್ಮ ಬದುವಿನಿಂದ ಕಲಿತುದನ್ನು ನಾವು ಮರೆಯುತ್ತಿರುವುದು ವಿಷಾದಕರ.

ಮರೆತವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. 2006ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ವಯಸ್ಸಾದ ಭೂಮಾಲೀಕರೊಬ್ಬರು ತಮ್ಮ ಹೊಲದ ಬದುವಿನ ಲಾವಂಚವನ್ನು ತೋರಿಸಿ, "ಬೇರಿಗೆ ವ್ಯಾಪಾರಿಯೊಬ್ಬರು ಬೆಲೆ ಹೇಳಿದ್ದಾರೆ, ಅಗೆಸಿ ಕೊಡಬಹುದೆ?" ಎಂದು ಕೇಳಿದರು. ಬೆಲೆಯನ್ನು ಮಾತ್ರ ಯೋಚಿಸಿ ನಾನು ಅಡ್ಡಿಯಿಲ್ಲವೆಂದೆನು. ಬೇರು ಹೋಯಿತು, ಬದುವಿನ ಮಣ್ಣು ಸಡಿಲವಾಯಿತು. ಮರುವರ್ಷದ ಒಂದೇ ಬಿರುಮಳೆಗೆ ಬದು ಮೂರು ಕಡೆ ಒಡೆದು, ಮೇಲ್ಮಣ್ಣೆಲ್ಲ ಕೆಂಪು ನೀರಾಗಿ ಕೆರೆಯ ಪಾಲಾಯಿತು. ನಾನು ನೋಡಲು ಹೋದಾಗ ಆ ಹಿರಿಯರು ಒಂದು ಮಾತೂ ಆಡಲಿಲ್ಲ. ಲಾವಂಚ ಹಾಕಿದ ಗಡಿಗೆಯಿಂದ ನೀರು ತರಿಸಿ ಕೊಟ್ಟರು. ಆ ನೀರನ್ನು ಕುಡಿಯುವುದು ನನಗೆ ಕಷ್ಟವಾಯಿತು. ಬೇರಿಗೆ ಬಂದ ಹಣವು ಒಂದು ವರ್ಷದಲ್ಲಿ ಖರ್ಚಾಗಿಹೋಯಿತು. ಹೋದ ಮಣ್ಣು ಅವರ ಮೊಮ್ಮಕ್ಕಳ ಕಾಲಕ್ಕೂ ಹಿಂದಿರುಗಲಾರದು.

ಆದುದರಿಂದ ನನ್ನ ಅಭಿಪ್ರಾಯವಿದು: ಪರಿಮಳಕ್ಕೆ ಬೇಕಾದ ಲಾವಂಚ ಬೇರೆ, ಮಣ್ಣಿಗೆ ಬೇಕಾದ ಲಾವಂಚ ಬೇರೆ. ಹಿತ್ತಿಲಿನದನ್ನು ಅಗೆಯಿರಿ, ಬದುವಿನದಕ್ಕೆ ಗುದ್ದಲಿ ತೋರಿಸಬೇಡಿ. ಬದುವಿನಿಂದ ತೆಗೆದುಕೊಳ್ಳಬಹುದಾದುದು ಗರಿ ಮಾತ್ರ. ಎಳೆಯ ಗರಿಯನ್ನು ದನ ತಿನ್ನುವುದು. ಬಲಿತುದನ್ನು ಮೇಲುಹೊದಿಕೆಗೂ, ಗಿಡದ ಬುಡಕ್ಕೆ ಮುಚ್ಚಿಗೆಯಾಗಿಯೂ ಉಪಯೋಗಿಸಬಹುದು. ಸಾಲಿನಲ್ಲಿ ಒಂದು ಪೊದೆ ಸತ್ತು ಸಂದಾದರೂ ನೀರು ಅಲ್ಲಿಯೇ ನುಗ್ಗಿ ಕೊರಕಲು ಕೊರೆಯುವುದರಿಂದ, ಪ್ರತಿವರ್ಷವೂ ಸಂದುಗಳನ್ನು ತುಂಬತಕ್ಕದ್ದು.

ಎಣ್ಣೆ ತೆಗೆದರೆ ಹೆಚ್ಚು ಲಾಭವಲ್ಲವೆ ಎಂದು ಕೆಲವರು ಕೇಳಬಹುದು. ಲಾವಂಚದ ಎಣ್ಣೆಗೆ ಬೆಲೆಯುಂಟು; ಅದು ನಿಧಾನವಾಗಿ ಆರುವುದರಿಂದ ಸುಗಂಧದ್ರವ್ಯಗಳಲ್ಲಿ ಇತರ ವಾಸನೆಗಳನ್ನು ಹಿಡಿದಿಡಲು ಬೇಕಾಗುವುದು. ಆದರೆ ಆ ನಿಧಾನದ ಗುಣದಿಂದಲೇ ಬಟ್ಟಿಯಿಳಿಸುವುದಕ್ಕೂ ಬಹಳ ಹೊತ್ತು ಹಿಡಿಯುವುದು; ಸೌದೆಯ ಖರ್ಚು ಹೆಚ್ಚು. ಕೊಳ್ಳುವವರನ್ನೂ ಬಟ್ಟಿಯನ್ನೂ ಮೊದಲು ಗೊತ್ತುಮಾಡಿಕೊಳ್ಳದೆ ಎಕರೆಗಟ್ಟಲೆ ನೆಡುವುದು ವಿವೇಕವಲ್ಲ. ಹಾಗೆ ನೆಡುವವರೂ ಇಳಿಜಾರಿನ ಭೂಮಿಯನ್ನು ಬಿಟ್ಟು ಸಮತಟ್ಟಾದ ಮರಳುಮಿಶ್ರಿತ ಭೂಮಿಯನ್ನೇ ಆರಿಸಬೇಕು. ಏಕೆಂದರೆ ಬೇರು ಅಗೆದ ಇಳಿಜಾರು ಮಳೆಗೆ ನಿಲ್ಲದು.

ಗ್ರಾಮದ ಹಿರಿಯರೂ ಭೂಮಾಲೀಕರೂ ಆದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಸಾಮಾನ್ಯ ರೈತನು ನಮ್ಮ ಉಪನ್ಯಾಸವನ್ನು ಕೇಳಿ ನೆಡುವುದಿಲ್ಲ. ತನ್ನ ಊರಿನ ದೊಡ್ಡ ಹಿಡುವಳಿಯ ಬದುವನ್ನು ನೋಡಿ ನೆಡುವನು. ಬರುವ ಮೃಗಶಿರಾ ಮಳೆಗೆ ತಾವು ಹಿತ್ತಿಲಿನಲ್ಲಿ ಹನ್ನೆರಡು ಪೊದೆಗಳನ್ನೂ ಒಂದು ಬದುವಿನ ಮೇಲೆ ಒಂದು ಸಾಲನ್ನೂ ನೆಟ್ಟರೆ, ಮೂರನೆಯ ವರ್ಷಕ್ಕೆ ನೆರೆಹೊರೆಯವರಿಗೆ ಹಂಚಲು ತೆಂಡೆಗಳು ತಮ್ಮಲ್ಲಿಯೇ ದೊರೆಯುವುವು. ಲಾವೆಂಡರ್ ಸಸಿ ಕೇಳಿದ ಆ ಮುಖಂಡರು ಈಗಾಗಲೇ ಹಾಗೆ ಮಾಡಿರುವರು. ಅವರ ಜಗಲಿಯಲ್ಲಿ ಮುಂದಿನ ಬೇಸಿಗೆಯಲ್ಲಿ ಕುಡಿಯುವ ನೀರು ನನಗೆ ಕಷ್ಟವಾಗದೆಂದು ನಂಬಿರುವೆನು.