ಅರಸನ ಇಚ್ಛೆ ಇನ್ನೂ ನಡೆಯಬೇಕೆ?

ಸೇನಾ ಮುಖ್ಯಸ್ಥರನ್ನು ಆಳುವವರು ತೆಗೆದುಹಾಕಿದ ಸುದ್ದಿ ಯಾವ ದೇಶದಿಂದ ಬಂದರೂ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ದಾಸೋಹದ ಪಂಕ್ತಿಯಲ್ಲಿ ಕುಳಿತ ಶರಣ ಬಂಧುಗಳ ಬಾಯಲ್ಲೂ ಇವೇ. "ಈ ರಾಜಕಾರಣಿಗಳು ಬೇಡ, ದೇಶ ಸೇನೆಯ ಕೈಗೆ ಹೋಗಲಿ" ಎಂಬುದು ಒಂದು. "ಗೆದ್ದು ಬಂದವನು ಯಾರನ್ನು ಬೇಕಾದರೂ ತೆಗೆಯಬಹುದು, ಕೇಳುವವರಾರು?" ಎಂಬುದು ಇನ್ನೊಂದು. ಎರಡೂ ಬಸವತತ್ವಕ್ಕೆ ಹೊರಗು.

ಮೊದಲನೆಯದಕ್ಕೆ ಪಾಕಿಸ್ತಾನವೇ ಉತ್ತರ. 1999ರ ಅಕ್ಟೋಬರ್‌ನಲ್ಲಿ ಪ್ರಧಾನಿ ನವಾಜ್ ಷರೀಫ್ ಸೇನಾ ಮುಖ್ಯಸ್ಥ ಮುಷರಫ್‌ರನ್ನು ತೆಗೆದರು. ಅದೇ ದಿನ ಪ್ರಧಾನಿಯೇ ಸೆರೆಯಾದರು. ಅಂಥದ್ದು ನಮಗೆ ಬೇಡ.

ಎರಡನೆಯದು ಇನ್ನೂ ಮೋಸದ ಮಾತು, ಏಕೆಂದರೆ ಅದು ಪ್ರಜಾಪ್ರಭುತ್ವದ ವೇಷ ಹಾಕಿಕೊಂಡಿದೆ. 1998ರ ಡಿಸೆಂಬರ್ 30ರಂದು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ಕೇಂದ್ರ ಸರ್ಕಾರ ವಜಾ ಮಾಡಿತು. ಸ್ವತಂತ್ರ ಭಾರತದಲ್ಲಿ ಅಂಥದ್ದು ಅದೇ ಮೊದಲು. ಮಂಗಳೂರಿನಲ್ಲಿ ಹುಟ್ಟಿ, ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡ ಜಾರ್ಜ್ ಫರ್ನಾಂಡಿಸ್ ಆಗ ರಕ್ಷಣಾ ಮಂತ್ರಿ. ಉಪಮುಖ್ಯಸ್ಥರ ಹುದ್ದೆಗೆ ಸಂಪುಟದ ನೇಮಕಾತಿ ಸಮಿತಿ ಆರಿಸಿದವರನ್ನು ಭಾಗವತ್ ಒಪ್ಪಲಿಲ್ಲ. ಅದು ತಪ್ಪೇ ಇರಬಹುದು. ಆದರೆ ವಿಚಾರಣೆ ಎಲ್ಲಿ?

ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ಇಲಾಖೆಯ ಒಬ್ಬ ಜವಾನನನ್ನು ವಜಾ ಮಾಡಬೇಕಾದರೂ ಆರೋಪಪಟ್ಟಿ ಕೊಡಬೇಕು, ಅವನ ಉತ್ತರ ಕೇಳಬೇಕು. ಸಂವಿಧಾನದ 311ನೇ ವಿಧಿ ಅವನಿಗೆ ಕೊಟ್ಟ ಈ ರಕ್ಷಣೆ ಸೇನೆಯವರಿಗಿಲ್ಲ. 310ನೇ ವಿಧಿಯಂತೆ ಅವರು ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ಹುದ್ದೆಯಲ್ಲಿರುತ್ತಾರೆ. ಆ ಇಚ್ಛೆ ನಿಜದಲ್ಲಿ ಮಂತ್ರಿಮಂಡಲದ್ದು. ಬ್ರಿಟಿಷ್ ಅರಸರಿಂದ ಬಂದ ಕಟ್ಟಳೆ ಇದು. ಹರಳಯ್ಯ, ಮಧುವರಸರಿಗೆ ಬಿಜ್ಜಳ ಶಿಕ್ಷೆ ವಿಧಿಸಿದ್ದೂ ಅರಸನ ಇಚ್ಛೆಯಿಂದಲೇ. ಕಲ್ಯಾಣದ ಕಥೆ ಹೇಳಿ ಕಣ್ಣೀರು ಹಾಕುವ ನಾವು ದೆಹಲಿಯಲ್ಲಿ ಅದೇ ಇಚ್ಛೆ ನಡೆದಾಗ ಚಪ್ಪಾಳೆ ತಟ್ಟುವುದು ಹೇಗೆ?

ಕೊಡಗಿನ ಜನರಲ್ ತಿಮ್ಮಯ್ಯನವರ ವಿಷಯ ಬೇರೆ. ಅವರನ್ನು ಯಾರೂ ವಜಾ ಮಾಡಲಿಲ್ಲ. ಬಡ್ತಿಗಳ ವಿಷಯದಲ್ಲೂ ಚೀನಾದ ವಿಷಯದಲ್ಲೂ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದದೆ 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿ ಹಿಂತೆಗೆಸಿದರು. ಎರಡೇ ದಿನಕ್ಕೆ ಲೋಕಸಭೆಯಲ್ಲಿ ಅವರನ್ನೇ ಆಕ್ಷೇಪಿಸಿದರು. ತಮ್ಮ ನಂತರ ಥೋರಟ್ ಬರಲಿ ಎಂದು ತಿಮ್ಮಯ್ಯ ಹೇಳಿದ್ದನ್ನೂ ಸರ್ಕಾರ ಕೇಳಲಿಲ್ಲ. 1961ರಲ್ಲಿ ಅವರು ನಿವೃತ್ತರಾದರು. ಮರುವರ್ಷ ಚೀನಾ ಯುದ್ಧ ಬಂದಾಗ ಈಶಾನ್ಯದ ದಳ ಮೆನನ್‌ಗೆ ಬೇಕಾದ ಜನರಲ್ ಕೌಲ್ ಕೈಯಲ್ಲಿತ್ತು. ಮುಂದೇನಾಯಿತೆಂದು ನಮ್ಮ ವಯಸ್ಸಿನವರಿಗೆ ಹೇಳಬೇಕಿಲ್ಲ.

ಕೊನೆಯ ಮಾತು ಮಂತ್ರಿಯದೇ ಆಗಲಿ, ತಕರಾರಿಲ್ಲ. ಎಂಜಿನಿಯರ್ ಬೇಡವೆಂದ ಕೆಲಸವನ್ನು ಮಾಡಿಸುವ ಮೇಲಧಿಕಾರಿ ಕಡತದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಸೇನಾಪತಿಯನ್ನು ತೆಗೆಯುವವರೂ ಹಾಗೆಯೇ ಮೊದಲು ಅವರ ಉತ್ತರ ಪಡೆದು, ಕಾರಣವನ್ನು ಬರೆದು, ಸಂಸತ್ತಿನ ಮುಂದಿಡಲಿ.

ಇದನ್ನು ದೆಹಲಿಗೆ ಹೇಳುವ ಮೊದಲು ಮನೆಯನ್ನೂ ನೋಡಿಕೊಳ್ಳೋಣ. ಮಠಗಳ ಕೆಲವು ಶಾಲೆ ಕಾಲೇಜುಗಳಲ್ಲಿ ಬೆಳಿಗ್ಗೆ ಪ್ರಶ್ನೆ ಕೇಳಿದ ಮೇಷ್ಟ್ರು ಸಂಜೆಗೆ ಮನೆಗೆ. ಕಾರಣ ಕೇಳಿದರೆ "ಬುದ್ಧಿಯವರ ಅಪ್ಪಣೆ" ಎನ್ನುತ್ತಾರೆ. ಬುದ್ಧಿಯವರಿಗೆ ವಿಷಯವೇ ಗೊತ್ತಿರುವುದಿಲ್ಲ. ನೋಟಿಸು ಕೊಟ್ಟು ಉತ್ತರ ಕೇಳದೆ ಯಾರನ್ನೂ ತೆಗೆಯಬಾರದೆಂಬ ಠರಾವನ್ನು ನಮ್ಮ ಆಡಳಿತ ಮಂಡಳಿಗಳು ಬರುವ ಬಸವ ಜಯಂತಿಯೊಳಗೆ ಮಾಡಲಿ.